ಅರವತ್ತು ಸಾವಿರದಾಗ ಗೇಮಿಂಗ್ ಪಿಸಿ ಆಗ್ತದೇನ್ರಿ?

“ಅಣ್ಣಾ, ಮಾನಿಟರ್ ಬಿಟ್ಟು ಅರವತ್ತು ಸಾವಿರದಾಗ ಒಂದು ಗೇಮಿಂಗ್ ಪಿಸಿ ಆಗ್ತದೇನ್ರಿ? ಗೇಮ್ ಅಷ್ಟೇ ಅಲ್ಲ, ಕಾಲೇಜಿನ ಆಟೋಕ್ಯಾಡ್ ಓಡಬೇಕು, ಒಂದಿಷ್ಟು ವಿಡಿಯೋ ಎಡಿಟಿಂಗ್ ಆಗಬೇಕು, ಅಂಗಡಿ ಟ್ಯಾಲಿನೂ ಅದರಾಗೇ ಹಾಕ್ತೀವಿ.”

ಕಲಬುರಗಿಯಲ್ಲಿ ಹೊಸದಾಗಿ ಕಂಪ್ಯೂಟರ್ ಅಸೆಂಬಲ್ ಮಾಡಿಸುವವರು ಎಲ್ಲರೂ ಕೇಳುವ ಪ್ರಶ್ನೆ ಇದೇ. ಆಗ್ತದ, ಚೆನ್ನಾಗೇ ಆಗ್ತದ. ಆದರೆ ಈ ಊರಿನ ಕರೆಂಟು, ಈ ಊರಿನ ಬಿಸಿಲು ಎರಡನ್ನೂ ಲೆಕ್ಕಕ್ಕೆ ತಗೊಂಡು ಪಾರ್ಟ್ಸ್ ಆರಿಸಬೇಕು. ಯೂಟ್ಯೂಬಿನಲ್ಲಿ ಎಸಿ ರೂಮಿನಲ್ಲಿ ಕೂತು ಹೇಳುವ ಪಟ್ಟಿಯನ್ನು ಹಾಗೇ ತಂದರೆ ಮೊದಲ ಬೇಸಿಗೆಯಲ್ಲೇ ಪೇಚಾಟ ಶುರು.

ಮೊದಲು ಏನು ಕೊಳ್ಳಬಾರದು ಅನ್ನೋದನ್ನ ಮುಗಿಸಿಬಿಡೋಣ. “ಐ7 ಅದ, 16 ಜಿಬಿ ರ‍್ಯಾಮ್ ಅದ, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಅದ, ಬರೀ 25 ಸಾವಿರ” ಅಂತ ಯಾರಾದರೂ ಹೇಳಿದರೆ, ಯಾವ ಐ7 ಅಂತ ಪೂರ್ತಿ ನಂಬರ್ ಕೇಳಿ. ಬಹಳ ಸಲ ಅದು ಐ7-3770 ಆಗಿರುತ್ತದೆ, 2012ರ ಮಾಲು. ನಾಲ್ಕು ಕೋರ್, ಡಿಡಿಆರ್3 ರ‍್ಯಾಮ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಅಥವಾ ಮೇಲಿನದೇ ಬೇಕು, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವ್ಯಾಲೊರಂಟ್‌ನಂಥ ಆಟ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಭದ್ರತೆಯ ವ್ಯವಸ್ಥೆ ಎರಡನ್ನೂ ಕೇಳುತ್ತದೆ. ಆ 4 ಜಿಬಿ ಕಾರ್ಡು ಜಿಟಿ 730 ಇದ್ದೀತು. ಜಿಬಿ ನೋಡಿ ಕಾರ್ಡ್ ಕೊಳ್ಳೋದು ಪೆಟ್ರೋಲ್ ಟ್ಯಾಂಕಿನ ಅಳತೆ ನೋಡಿ ಬೈಕ್ ಕೊಂಡಂಗೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ‘ಆರ್‌ಎಕ್ಸ್ 580’ ಕೂಡ ಬಹುಪಾಲು 2048ಎಸ್‌ಪಿ ಅನ್ನುವ ಕತ್ತರಿಸಿದ ಅವತಾರ. ಅಸಲಿ 580ರಲ್ಲಿ 2304 ಸ್ಟ್ರೀಮ್ ಪ್ರೊಸೆಸರ್ (ಎಸ್‌ಪಿ, ಲೆಕ್ಕ ಮಾಡುವ ಪುಟ್ಟ ಘಟಕ) ಇರುತ್ತವೆ.

ಆರಿಸೋದು ಮಾನಿಟರ್‌ನಿಂದ ಶುರುವಾಗಬೇಕು. 24 ಇಂಚು, 1080ಪಿ, ಐಪಿಎಸ್ ಅಂತ ಮೊದಲು ಗೊತ್ತು ಮಾಡಿಕೊಂಡರೆ ಯಾವ ಕಾರ್ಡ್ ಸಾಕು ಅನ್ನೋದು ತಾನಾಗೇ ಗೊತ್ತಾಗುತ್ತದೆ. ಒಟ್ಟು ದುಡ್ಡಿನ ಮೂರರಲ್ಲಿ ಒಂದು ಪಾಲು ಕಾರ್ಡಿಗೇ ಹೋಗಲಿ. 60 ಸಾವಿರದ ಪಿಸಿಗೆ ಆರ್‌ಎಕ್ಸ್ 6600 ಸರಿಯಾದ ಜೋಡಿ: 8 ಜಿಬಿ ಮೆಮರಿ, 132 ವ್ಯಾಟ್, ಒಂದೇ ಒಂದು 8-ಪಿನ್ ವೈರ್. 1080ಪಿಯಲ್ಲಿ ಈಗಿನ ಆಟಗಳನ್ನು ಮೀಡಿಯಂ-ಹೈ ಸೆಟ್ಟಿಂಗಿನಲ್ಲಿ ಆರಾಮಾಗಿ ಆಡಿಸುತ್ತದೆ. ಕಮ್ಮಿ ಕರೆಂಟು ತಿನ್ನುತ್ತದೆ ಅನ್ನೋದು ನಮ್ಮ ಊರಿಗೆ ಇನ್ನೊಂದು ಲಾಭ, ತಿಂದ ಕರೆಂಟೆಲ್ಲ ಕೊನೆಗೆ ರೂಮಿನಲ್ಲಿ ಬಿಸಿಯಾಗಿ ಕೂಡುತ್ತದೆ. ಬ್ಲೆಂಡರ್ ಅಥವಾ ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ನಿಜವಾಗಿಯೂ ಮಾಡೋರಿದ್ದರೆ ಮಾತ್ರ ಎನ್‌ವಿಡಿಯಾ ಕಡೆ ಹೋಗಿ, ಆ ಸಾಫ್ಟ್‌ವೇರುಗಳಲ್ಲಿ ಎನ್‌ವಿಡಿಯಾದ್ದೇ ಆದ ‘ಕ್ಯೂಡಾ’ (CUDA) ಇಲ್ಲದೆ ಕೆಲಸ ಕುಂಟುತ್ತದೆ. ಆಗಲೂ ಒಂದು ಎಚ್ಚರ: ಆರ್‌ಟಿಎಕ್ಸ್ 3050 ಅನ್ನೋ ಹೆಸರಿನಲ್ಲಿ 8 ಜಿಬಿ, 6 ಜಿಬಿ ಎರಡೂ ಮಾರುತ್ತಾರೆ. ಎರಡರ ವ್ಯತ್ಯಾಸ ಮೆಮರಿಯಲ್ಲಿ ಮಾತ್ರ ಇಲ್ಲ, 6 ಜಿಬಿಯದರಲ್ಲಿ ಕೋರ್‌ಗಳೂ ಕಮ್ಮಿ, ಮೆಮರಿಗೆ ಡೇಟಾ ಓಡಾಡುವ ದಾರಿಯೂ (ಬಸ್) ಸಣ್ಣದು. ಅದು ಎಕ್ಸ್‌ಟ್ರಾ ಪವರ್ ವೈರ್ ಕೇಳದೆ 70 ವ್ಯಾಟಿನಲ್ಲಿ ಓಡುವ ಕಾರ್ಡು, ಹಳೆ ಆಫೀಸ್ ಪಿಸಿಗೆ ಹಾಕಲು ಚೆಂದ.

ಪ್ರೊಸೆಸರ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರೈಜನ್ 5 5600 ಅಥವಾ ಐ5-12400ಎಫ್. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಆಟೋಕ್ಯಾಡ್, ಟ್ಯಾಲಿ, ನುಡಿ, ಎಡಿಟಿಂಗ್ ಎಲ್ಲಕ್ಕೂ ಸಾಕು. 5600ಕ್ಕೆ ಬಿ550 ಬೋರ್ಡ್ ತಗೊಳ್ಳಿ. ಎ520ಯಲ್ಲಿ ಪಿಸಿಐಇ 4.0 (ಕಾರ್ಡ್, ಎಸ್‌ಎಸ್‌ಡಿಗೆ ವೇಗದ ದಾರಿ) ಇಲ್ಲ. ಹಳೆ ಸ್ಟಾಕಿನ ಬಿ450 ಕೊಟ್ಟರೆ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆಯಾ ಅಂತ ಕೇಳಿ, ಆಗಿರದಿದ್ದರೆ ಫ್ಯಾನ್ ತಿರುಗಿದರೂ ಡಿಸ್‌ಪ್ಲೇ ಬರೋದಿಲ್ಲ. ಎಎಂಡಿಯ ಹೊಸ ಪ್ರೊಸೆಸರ್ ಸಾಕೆಟ್ ಎಎಂ5 ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಎಎಂ5ಕ್ಕೆ 2027ರವರೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ, ಮುಂದೆ ಬದಲಾಯಿಸಲು ಒಳ್ಳೆ ದಾರಿ. ಆದರೆ ಅದು ಡಿಡಿಆರ್5 ಮಾತ್ರ ತಗೊಳ್ಳುತ್ತದೆ, ಬೋರ್ಡೂ ದುಬಾರಿ. ಆ ಹೆಚ್ಚಿನ ದುಡ್ಡನ್ನ 60 ಸಾವಿರದೊಳಗೆ ಹುಡುಕಿದರೆ ಕಾರ್ಡಿನಿಂದಲೇ ಕಿತ್ತುಕೊಳ್ಳಬೇಕಾಗುತ್ತದೆ. 75 ಸಾವಿರ ಕೂಡಿತೆಂದರೆ ಧಾರಾಳವಾಗಿ ರೈಜನ್ 5 7600 ನೋಡಿ.

ದುಡ್ಡು ಅಷ್ಟು ಇಲ್ಲ, ಕಾರ್ಡ್ ಆಮೇಲೆ ಹಾಕಿಸ್ತೀವಿ ಅನ್ನೋರಿಗೆ 5600ಜಿ ಇದೆ, ಒಳಗೇ ಗ್ರಾಫಿಕ್ಸ್ ಬರುತ್ತದೆ. 5600ಕ್ಕೆ ಹೋಲಿಸಿದರೆ ಅದರ ಒಳಗಿನ ವೇಗದ ಮೆಮರಿ (ಎಲ್3 ಕ್ಯಾಶ್) ಅರ್ಧ, 32ರ ಬದಲು 16 ಎಂಬಿ. ಹಾಗಾಗಿ ಮುಂದೆ ದೊಡ್ಡ ಕಾರ್ಡ್ ಹಾಕಿದಾಗ ತುಸು ಹಿಂದೆ ಬೀಳುತ್ತದೆ.

ರ‍್ಯಾಮ್ ದರ 2025ರ ಕೊನೆಯಿಂದ ಮೇಲೆ ಹತ್ತಿ ಕೂತಿದೆ. ಎಐ ಡೇಟಾ ಸೆಂಟರುಗಳು ಮೆಮರಿ ಚಿಪ್ ಎಲ್ಲ ನುಂಗುತ್ತಿವೆ. ಹೀಗಾಗಿ “8 ಜಿಬಿ ಒಂದೇ ಕಡ್ಡಿ ಸಾಕು” ಅನ್ನುವ ಸಲಹೆ ಮತ್ತೆ ಬಂದಿದೆ. ಸಾಕಾಗೋದಿಲ್ಲ. 8 ಜಿಬಿಯ ಎರಡು ಕಡ್ಡಿ, ಡಿಡಿಆರ್4 3200. 16ರ ಒಂದೇ ಕಡ್ಡಿ ಹಾಕಿದರೆ ಡ್ಯುಯಲ್ ಚಾನಲ್, ಅಂದರೆ ಎರಡು ಕಡ್ಡಿ ಒಟ್ಟಿಗೆ ಓಡುವ ವೇಗ, ತಪ್ಪುತ್ತದೆ. 5600ಜಿಯಂಥದ್ದಕ್ಕೆ ಇದು ಭಾರಿ ಪೆಟ್ಟು, ಅದರ ಗ್ರಾಫಿಕ್ಸು ಇದೇ ರ‍್ಯಾಮನ್ನೇ ಬಳಸುತ್ತದೆ. ಎಸ್‌ಎಸ್‌ಡಿ 500 ಜಿಬಿ ಎನ್‌ವಿಎಂಇ ತಗೊಂಡು ಶುರು ಮಾಡಿ, ಜಿಟಿಎ 5 ಒಂದೇ 100 ಜಿಬಿ ದಾಟುತ್ತದೆ ಅನ್ನೋದು ನೆನಪಿರಲಿ.

ಇನ್ನು ಅಸಲಿ ವಿಷಯ, ಕರೆಂಟು.

ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಪಾರ್ಟ್ಸ್‌ಗೆಲ್ಲ ಕರೆಂಟು ಕೊಡುವ ಡಬ್ಬಿ) ಈ ಪಿಸಿಗೆ ಬೇಡವೇ ಬೇಡ. ಅದರ ಸ್ಟಿಕರ್ ಓದಿ. +12ವಿ ಎದುರಿಗೆ 16ಎ ಅಂತಿದ್ದರೆ 12ನ್ನ 16ರಿಂದ ಗುಣಿಸಿ: 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನೋದು ಆ ಲೈನಿನಿಂದಲೇ. ಕಾರ್ಡಿಗೆ 132, 5600 ಪ್ರೊಸೆಸರ್‌ಗೆ 76ರವರೆಗೆ, ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಸೇರಿ ಇನ್ನೊಂದು 40-50, ಒಟ್ಟು 250ರ ಆಸುಪಾಸು. ಒಳ್ಳೆ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಜ್ ಎಸ್‌ಎಂಪಿಎಸ್‌ನ 12ವಿ ಲೈನಿನಲ್ಲಿ 40 ಆಂಪಿಯರ್ ದಾಟಿರುತ್ತದೆ. ಅದೇ ತಗೊಳ್ಳಿ. 8-ಪಿನ್ ವೈರ್ ಇಲ್ಲದ ಎಸ್‌ಎಂಪಿಎಸ್‌ಗೆ ಹಳೆ ನಾಲ್ಕು ಪಿನ್ನಿನಿಂದ ಕನ್ವರ್ಟರ್ ಹಾಕಿಕೊಡ್ತೀವಿ ಅಂದರೆ ಒಪ್ಪಬೇಡಿ, ಬೆಂಕಿಯ ವಾಸನೆ ಬರೋದು ಆ ಜೋಡಣೆಯಿಂದಲೇ.

ಅದೇ ಸ್ಟಿಕರ್ ಮೇಲೆ ಇನ್ಪುಟ್ ವೋಲ್ಟೇಜ್ ಕೂಡ ನೋಡಿ. ಬಜೆಟ್ ಮಾಡೆಲುಗಳಲ್ಲಿ ಕೆಲವು 200-240ವಿ ಮಾತ್ರ, ಕೆಲವು 100-240ವಿ. ಬೆಂಗಳೂರಿನವರು ಇದನ್ನ ನೋಡೋದೇ ಇಲ್ಲ. ಆಳಂದ, ಜೇವರ್ಗಿ, ಚಿಂಚೋಳಿ ಕಡೆ ಹಳ್ಳಿಗಳಲ್ಲಿ ಪಂಪ್‌ಸೆಟ್ ಚಾಲೂ ಆದಾಗ ಬಲ್ಬ್ ಮಂಕಾಗುವ ಮನೆಗೆ 200-240ವಿಯದ್ದು ತಂದರೆ ಆಟದ ನಡುವೆ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಎಲ್ಲರೂ ಕಾರ್ಡ್ ಮೇಲೆ ಅನುಮಾನಪಟ್ಟು ಕಾರ್ಡ್ ಬಿಚ್ಚಿ ಅಂಗಡಿಗೆ ಒಯ್ಯುತ್ತಾರೆ, ಅಲ್ಲಿ ಸರಿಯಾಗೇ ಓಡುತ್ತದೆ.

ಯುಪಿಎಸ್ 600ವಿಎ ಅಂದರೆ ಸುಮಾರು 360 ವ್ಯಾಟ್. ಈ ಪಿಸಿ ಆಟದ ಹೊತ್ತಿನಲ್ಲಿ ಗೋಡೆಯಿಂದ 300ರ ಹತ್ತಿರ ಎಳೆಯುತ್ತದೆ, ಮಾನಿಟರ್ ಬೇರೆ. ಹೊಸ ಬ್ಯಾಟರಿ ಇರುವಾಗ ಹೇಗೋ ತಡೆದೀತು, ವರ್ಷ ಕಳೆದ ಮೇಲೆ ಜೆಸ್ಕಾಂ ಲೈನ್ ಹೋದ ಕೂಡಲೇ ಒಮ್ಮೆ ಕೂಗಿ ತಾನೂ ಮಲಗುತ್ತದೆ. 1000ವಿಎ ತಗೊಳ್ಳಿ. ಮನೆಯ ಇನ್ವರ್ಟರ್ ಮೇಲೆ ಹಾಕೋದಾದರೆ ಅದು ಸೈನ್ ವೇವ್ ಇರಬೇಕು, ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಬೇಕು. ಲೈನ್ ಹೋದಾಗ ಎಸ್‌ಎಂಪಿಎಸ್ ತನ್ನೊಳಗಿನ ಕೆಪ್ಯಾಸಿಟರ್ ಬಲದಿಂದ ತಡೆಯೋದು 16 ಮಿಲಿಸೆಕೆಂಡ್ ಆಸುಪಾಸು ಮಾತ್ರ. ನಾರ್ಮಲ್ ಮೋಡಿನಲ್ಲಿ ಇನ್ವರ್ಟರ್ ಅದಕ್ಕಿಂತ ನಿಧಾನ ಬದಲಾಗುತ್ತದೆ, ಫ್ಯಾನ್ ನಿಲ್ಲೋದಿಲ್ಲ, ಪಿಸಿ ಮಾತ್ರ ನಿಲ್ಲುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ, ಟೆಸ್ಟರ್ ಇಟ್ಟರೆ ಹತ್ತುತ್ತದೆ ಅಂತ ದೂರುವವರು ಬಹಳ ಮಂದಿ. ಹೆಚ್ಚಿನ ಸಲ ಪಾರ್ಟ್ಸ್ ಕೆಟ್ಟಿರೋದಿಲ್ಲ. ಎಸ್‌ಎಂಪಿಎಸ್ ಬಾಯಲ್ಲೇ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪ್ಯಾಸಿಟರ್ ಕ್ಯಾಬಿನೆಟ್ಟಿನ ತಗಡಿಗೆ ಸೇರಿರುತ್ತವೆ, ಕರೆಂಟಿನ ಗದ್ದಲ (ನಾಯ್ಸ್) ಸೋಸಲಿಕ್ಕೆ. ಅರ್ತಿಂಗ್ ಇದ್ದರೆ ಆ ಸೋರಿಕೆ ಮಣ್ಣಿಗೆ ಹೋಗುತ್ತದೆ, ಇಲ್ಲದಿದ್ದರೆ ತಗಡಿನ ಮೇಲೆ ಅರ್ಧ ವೋಲ್ಟೇಜ್ ತೇಲುತ್ತಿರುತ್ತದೆ. ಎಲೆಕ್ಟ್ರಿಷಿಯನ್ ಕೈಲಿ ಮಲ್ಟಿಮೀಟರ್ ಹಿಡಿಸಿ ಸಾಕೆಟ್ ಅಳೆಸಿ: ಫೇಸ್-ನ್ಯೂಟ್ರಲ್ ಎಷ್ಟಿದೆಯೋ ಫೇಸ್-ಅರ್ತ್ ಹೆಚ್ಚೂಕಮ್ಮಿ ಅಷ್ಟೇ ಇರಬೇಕು, ನ್ಯೂಟ್ರಲ್-ಅರ್ತ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಏಪ್ರಿಲ್-ಮೇನಲ್ಲಿ ನೆಲ ಒಣಗಿ ಅರ್ತಿಂಗ್ ಗುಂಡಿ ಸತ್ತಂತಾಗುತ್ತದೆ, ಆಗಾಗ ನೀರು ಹಾಕಬೇಕು. ಕೆಲವರು ಸಾಕೆಟ್ ಒಳಗೇ ಅರ್ತ್ ಪಿನ್ನನ್ನ ನ್ಯೂಟ್ರಲ್‌ಗೆ ಜೋಡಿಸಿ “ಆಯ್ತ್ರಿ” ಅಂತ ಹೋಗುತ್ತಾರೆ. ಮೀಟರಿನಲ್ಲಿ ಎಲ್ಲ ಸರಿ ಕಾಣುತ್ತದೆ. ಆದರೆ ಎಲ್ಲಾದರೂ ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ಟಿನ ಮೇಲೆ ಪೂರ್ತಿ 230 ವೋಲ್ಟ್ ನಿಂತಿರುತ್ತದೆ, ಜೀವ ತೆಗೆಯುವ ಕೆಲಸ ಅದು.

ಬಿಸಿಲಿನ ಲೆಕ್ಕ ಸರಳ: ರೂಮಿನ ಬಿಸಿ ಒಂದು ಡಿಗ್ರಿ ಏರಿದರೆ ಒಳಗಿನ ಪಾರ್ಟ್ಸ್ ಬಿಸಿಯೂ ಹೆಚ್ಚೂಕಮ್ಮಿ ಒಂದು ಡಿಗ್ರಿ ಏರುತ್ತದೆ. ಡಿಸೆಂಬರಿನಲ್ಲಿ 72 ತೋರಿಸುವ 5600, ರೂಮು 42 ಆದಾಗ ತನ್ನ ಮಿತಿಯಾದ 90ರ ಬಾಗಿಲಿಗೆ ಬಂದು ನಿಂತು ವೇಗ ಇಳಿಸಿಕೊಳ್ಳುತ್ತದೆ. ಆದ್ದರಿಂದ ಮುಂದೆ ಗಾಜು ಇರುವ ಚೆಂದದ ಕ್ಯಾಬಿನೆಟ್ ಬಿಟ್ಟು ಮುಂದೆ ಜಾಳಿಗೆ ಇರೋದು ತಗೊಳ್ಳಿ: ಮುಂದೆ ಎರಡು ಫ್ಯಾನ್ ಗಾಳಿ ಒಳಗೆ, ಹಿಂದೆ ಒಂದು ಹೊರಗೆ. ಬಣ್ಣದ ಲೈಟಿನ ದುಡ್ಡಿನಲ್ಲಿ 120 ಎಂಎಂ ಫ್ಯಾನಿನ ಒಂದು ಟವರ್ ಕೂಲರ್ ಬರುತ್ತದೆ. ಮೇನಲ್ಲಿ ಆಟದ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) 75ಕ್ಕೆ ಕಟ್ಟಿ ಹಾಕಿ, ಕಾರ್ಡಿನ ಬಿಸಿ ಕೂಡಲೇ ಇಳಿಯುತ್ತದೆ.

ರೂಮಿನ ಏರ್ ಕೂಲರ್ ಎದುರಿಗೆ ಮಾತ್ರ ಪಿಸಿ ಇಡಬೇಡಿ. ಹಸಿ ಗಾಳಿ ಒಳಗಿನ ಧೂಳಿಗೆ ಸೇರಿ ಹೀಟ್‌ಸಿಂಕಿನ ಎಸಳುಗಳ ನಡುವೆ ಕೆಸರಿನ ಪದರ ಕಟ್ಟುತ್ತದೆ, ಬ್ಲೋವರಿಗೂ ಬಗ್ಗೋದಿಲ್ಲ. ಶಹಾಬಾದ್ ಕಲ್ಲಿನ ನೆಲದ ಮೇಲೆ ನೇರ ಇಟ್ಟರೆ ಕಸ ಗುಡಿಸಿದಾಗಲೆಲ್ಲ ಕೆಳಗಿನ ಎಸ್‌ಎಂಪಿಎಸ್ ಫ್ಯಾನ್ ಧೂಳು ಎಳೆಯುತ್ತದೆ, ಅರ್ಧ ಅಡಿ ಎತ್ತರದ ಸ್ಟೂಲ್ ಹಾಕಿ. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳ ಸುತ್ತ ಇರುವವರು ತಿಂಗಳಿಗೊಮ್ಮೆ, ಉಳಿದವರು ಎರಡು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಬೇಕು. ಹೊಡೆಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಕೊಟ್ಟು ಹಿಡಿದುಕೊಳ್ಳಿ, ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳು.

ಎಲ್ಲಿ ಕೊಳ್ಳೋದು? ಸಿಕಂದರಾಬಾದಿನ ಸಿಟಿಸಿ ಅನ್ನೋ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಆಯ್ಕೆ ಜಾಸ್ತಿ, ಬೀದರಿನವರಿಗೆ ಅದು ಇನ್ನೂ ಹತ್ತಿರ. ಕಾರ್ಡು, ಪ್ರೊಸೆಸರ್, ಬೋರ್ಡ್ ಅಲ್ಲಿಂದಲೋ ಆನ್‌ಲೈನಿನಿಂದಲೋ ತಂದು, ಕ್ಯಾಬಿನೆಟ್, ಯುಪಿಎಸ್, ಮಾನಿಟರ್ ಊರಲ್ಲೇ ತಗೊಳ್ಳೋದು ನನ್ನ ಮಟ್ಟಿಗೆ ಸರಿ. ಭಾರದ ಸಾಮಾನು ರಿಪೇರಿಗೆ ಹೊತ್ತುಕೊಂಡು ಹೋಗೋದು ತಪ್ಪುತ್ತದೆ. “ಬಿಲ್ ಬೇಡಂದ್ರೆ ಕಮ್ಮಿ ಮಾಡ್ತೀವಿ” ಅಂದರೆ ಉಳಿಯೋದು 18% ಜಿಎಸ್‌ಟಿ, ಹೋಗೋದು ಮೂರು ವರ್ಷದ ವಾರಂಟಿ. ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸಿ.

ಜೋಡಿಸುವಾಗ ಆಗುವ ತಪ್ಪುಗಳು ಎಲ್ಲ ಕಡೆ ಅವೇ. ಎರಡು ರ‍್ಯಾಮ್ ಪ್ರೊಸೆಸರ್ ಕಡೆಯಿಂದ ಎರಡನೇ, ನಾಲ್ಕನೇ ಸ್ಲಾಟಿಗೆ ಹೋಗಬೇಕು. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳಬೇಕು. ಬೋರ್ಡಿನ ಎಡಮೂಲೆಯ ಪ್ರೊಸೆಸರ್ ಪವರ್ ವೈರ್ ಮರೆತರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರೋದಿಲ್ಲ. ಎಚ್‌ಡಿಎಂಐ ವೈರನ್ನ ಬೋರ್ಡಿಗೆ ಚುಚ್ಚಿದರೂ ಅಷ್ಟೇ: 5600, 12400ಎಫ್ ಎರಡರಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ, ಅದು ಕೆಳಗೆ ಅಡ್ಡ ಇರುವ ಕಾರ್ಡಿಗೇ ಹೋಗಬೇಕು. ಡಿಸ್‌ಪ್ಲೇ ಬಂದ ಮೇಲೆ ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಚಾಲೂ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ 2133ಕ್ಕೋ 2666ಕ್ಕೋ ಕೂತಿರುತ್ತದೆ. 144 ಹರ್ಟ್ಜ್ ಮಾನಿಟರ್ ತಂದವರು ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 144 ಆರಿಸಬೇಕು, ತಾನಾಗಿ ಬಹಳ ಸಲ 60ಕ್ಕೇ ನಿಲ್ಲುತ್ತದೆ. ಇದೆಲ್ಲ ಆದ ಮೇಲೆ ಅಂಗಡಿಯಲ್ಲೇ ಅರ್ಧ ತಾಸು ಒಂದು ಭಾರದ ಆಟ ಓಡಿಸಿ ನೋಡಿ, ಆಮೇಲೆ ಬಾಕಿ ದುಡ್ಡು ಕೊಡಿ.