ಮಖಮಲ್ಲಿನ ಕೋಟು

2025 ನವೆಂಬರ್ 9, ಭಾನುವಾರ
ಶಹಾಪುರ, ಬೆಳಗಾವಿ

ಕೋಟು ನನ್ನ ಮಂಚದ ಮೇಲಿದೆ. ಮಡಚಿಡಲು ಮನಸ್ಸಾಗುತ್ತಿಲ್ಲ.

ಸಂಜೆ ಕಾಕಾ ಫೋನ್ ಮಾಡಿ ಕರೆಸಿದರು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದವರು. ಅವರ ಮೊಣಕಾಲು ಈಗ ಬಗ್ಗುವುದೇ ಇಲ್ಲ. ಮಂಚದ ಕೆಳಗಿನ ಟ್ರಂಕು ನಾನೇ ಎಳೆದೆ. ಮುಚ್ಚಳ ತೆಗೆದ ಕೂಡಲೇ ಡಾಂಬರು ಗುಳಿಗೆ, ಒಣಗಿದ ಬೇವಿನ ಎಲೆ, ಹಳೇ ಪೌಡರಿನ ವಾಸನೆ. ಮೇಲೆ ಎರಡು ಕಿರೀಟ, ರಟ್ಟಿಗೆ ಬೇಗಡೆ ಹಚ್ಚಿದ್ದು. ಒಂದು ಜೊತೆ ಗೆಜ್ಜೆ. ಎಲ್ಲದರ ಕೆಳಗೆ ಈ ಕೋಟು. ಕಡುಗೆಂಪು ಮಖಮಲ್. ಜರಿ ಕಪ್ಪಾಗಿದೆ.

"ಇದನ್ನ ಯಾರು ಹಾಕೊಂತಿದ್ರು ಕಾಕಾ?"

"ಎಲ್ಲಾರೂ."

ಕೋಟನ್ನು ಒಳಮಗ್ಗುಲು ಮಾಡಿ ತೊಡೆ ಮೇಲೆ ಹಾಸಿಕೊಂಡರು. ಅಸ್ತರು ಸರಿಸಿ ಪಕ್ಕದ ಹೊಲಿಗೆ ತೋರಿಸಿದರು. ಬಿಚ್ಚಿ ಮತ್ತೆ ಹೊಲಿದ ಗುರುತು, ಸಾಲು ಸಾಲು ಸೂಜಿ ತೂತು. ಬೆರಳಿಟ್ಟು ಒಂದೊಂದನ್ನೇ ಹೇಳುತ್ತಾ ಹೋದರು. "ಇದು ಮೊದಲಿನ ದುರ್ಯೋಧನಂದು, ದಪ್ಪ ಆಳು. ಅಂವಾ ಕಂಪನಿ ಬಿಟ್ಟ ಮ್ಯಾಲೆ ಒಬ್ಬ ಹುಡುಗ ಬಂದ, ಕಡ್ಡಿ ಇದ್ದಂಗ ಇದ್ದ. ಎರಡು ಬೆರಳು ಒಳಗ ತಗೊಂಡೆ. ಇದು ಹರಿಶ್ಚಂದ್ರಂದು. ಅವಂಗೂ ಇದ ಕೋಟು, ರಾಜ್ಯ ಕಳಕೊಳ್ಳೋತನಕ. ಈ ಸಾಲು ನಮ್ಮ ಮಾಲಕರು ಒಮ್ಮೆ ಬಣ್ಣ ಹಚ್ಚಿದಾಗಿನದು, ಒಂದ ರಾತ್ರಿಗೆ."

ಅವರು ಹೊಲಿದಿದ್ದು ಬನಶಂಕರಿ ಜಾತ್ರೆಯ ಕ್ಯಾಂಪಿನಲ್ಲಿ, ಟೆಂಟಿನ ಹಿಂದೆ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ. ಒಂದನೇ ಬೆಲ್ ಹೊಡೆದರೂ ಗುಂಡಿ ಹಚ್ಚುತ್ತಲೇ ಇರುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ಕೈ ತಾನಾಗಿಯೇ ದಾರ ಎಳೆಯುವ ಹಾಗೆ ಆಡುತ್ತಿತ್ತು. ನೋಡೋಕೆ ಆಗಲಿಲ್ಲ, ಕಿಟಕಿ ಕಡೆ ತಿರುಗಿದೆ.

"ನನ್ನ ನಂತರ ಇದನ್ನ ಯಾರು ಇಟ್ಕೊಂತಾರವಾ?"

ನನಗೆ ಭಾನು ಅಥೈಯಾ ನೆನಪಾದರು. ನಮ್ಮ ಪಕ್ಕದ ಕೊಲ್ಹಾಪುರದವರು. 'ಗಾಂಧಿ' ಸಿನಿಮಾದ ಉಡುಪುಗಳಿಗೆ 1983ರಲ್ಲಿ ಆಸ್ಕರ್ ಗೆದ್ದರು, ಜಾನ್ ಮೊಲ್ಲೊ ಜೊತೆಗೆ. ಭಾರತಕ್ಕೆ ಅದೇ ಮೊದಲ ಆಸ್ಕರ್. 'ಆಮ್ರಪಾಲಿ'ಗೆ ಬಟ್ಟೆ ಮಾಡುವಾಗ ಅಜಂತಾಕ್ಕೆ ಹೋಗಿ ಚಿತ್ರಗಳನ್ನು ನೋಡಿ ಬಂದಿದ್ದರು. ಅಷ್ಟು ದೊಡ್ಡವರಿಗೂ ಕೊನೆಗೆ ಇದೇ ಚಿಂತೆ. ತಮ್ಮ ನಂತರ ಮನೆಯವರಿಗೆ ಆ ಆಸ್ಕರ್ ಕಾಪಾಡಲು ಆಗುತ್ತದೋ ಇಲ್ಲವೋ ಎಂದು 2012ರಲ್ಲಿ ಅಕಾಡೆಮಿಗೇ ವಾಪಸ್ ಕಳಿಸಿದರು. ಶಾಂತಿನಿಕೇತನದಿಂದ ಟಾಗೋರರ ನೊಬೆಲ್ ಪದಕವೇ ಕಳುವಾಗಿತ್ತಲ್ಲ, 2004ರಲ್ಲಿ. ಭಾನು 2020ರಲ್ಲಿ ತೀರಿಕೊಂಡರು.

ಕಾಕಾಗೆ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. "ಜಾಣಿ ಅದಾಳ ಹೆಣ್ಣುಮಗಳು" ಅಂದರು.

ಆಮೇಲೆ ಫೋನಿನಲ್ಲಿ ಹಾಲಿವುಡ್ ನಟಿ ಜೂಡಿ ಗಾರ್ಲಂಡ್‌ಳ ಕೆಂಪು ಷೂ ತೋರಿಸಿದೆ. 1939ರ 'ದಿ ವಿಝರ್ಡ್ ಆಫ್ ಓಝ್' ಸಿನಿಮಾದ್ದು. ಒಂದು ಜೊತೆ 2005ರಲ್ಲಿ ಮ್ಯೂಸಿಯಂನಿಂದ ಕಳುವಾಗಿತ್ತು. ಕದ್ದವನು ಅದರ ಮೇಲಿನದು ಅಸಲಿ ಮಾಣಿಕ್ಯ ಅಂದುಕೊಂಡಿದ್ದನಂತೆ. 2018ರಲ್ಲಿ ಸಿಕ್ಕಿತು. ಹೋದ ಡಿಸೆಂಬರ್‌ನಲ್ಲಿ ಹರಾಜಿನ ಕೂಗು 2.8 ಕೋಟಿ ಡಾಲರಿಗೆ ನಿಂತಿತು. ಇನ್ನೊಂದು ಜೊತೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿದೆ. ಅದರ ಬಣ್ಣ ಮಾಸುತ್ತಿದೆ, ಉಳಿಸಬೇಕು ಎಂದು 2016ರಲ್ಲಿ ಜನರ ಹತ್ತಿರ ಕೇಳಿದಾಗ 3 ಲಕ್ಷ ಡಾಲರಿಗಿಂತ ಜಾಸ್ತಿ ಬಂತು.

ಕಾಕಾ ದುಡ್ಡಿನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕುಣಿಯುವಾಗ ಸಪ್ಪಳ ಆಗಬಾರದು ಅಂತ ಷೂ ತಳಕ್ಕೆ ದಪ್ಪ ಉಣ್ಣೆಬಟ್ಟೆ ಅಂಟಿಸಿದ್ದಾರೆ ಅಂದಾಗ ಮಾತ್ರ ಕಣ್ಣು ಅರಳಿತು. ಕನ್ನಡಕ ಏರಿಸಿ ಫೋಟೋ ದೊಡ್ಡದು ಮಾಡಿಸಿಕೊಂಡರು.

"ಚಮಕಿ ಯಾರು ಹಚ್ಚಿದ್ರು?"

"ಏಡ್ರಿಯನ್ ಅಂತ ಡಿಸೈನರ್, ಕಾಕಾ."

"ಅಂವಾ ಚಿತ್ರಾ ಬರ್ದಿರಬೇಕು. ಕುಂತು ಹಚ್ಚಿದವರು?"

ಸುಮ್ಮನಾದೆ.

ಕಾಕೂ ಚಹಾ ತಂದರು. ಮಾತು ಬೇರೆ ಕಡೆ ಹೋಯಿತು, ನಾದಿನಿ ಮಗಳ ಮದುವೆ, ಇಳಕಲ್ ಸೀರೆ ರೇಟು. ನಡುವೆ ಕಾಕಾ ಒಮ್ಮೆಲೇ ಕೇಳಿದರು: "ಸರೋಜಾದೇವಿ ಚೆನ್ನಮ್ಮ ಆದಾಗ ಉಟ್ಟ ಸೀರಿ ಎಲ್ಲಿ ಅದಾವ ಈಗ?" 'ಕಿತ್ತೂರು ಚೆನ್ನಮ್ಮ' ಬಂದಿದ್ದು 1961ರಲ್ಲಿ. ಈ ಜುಲೈನಲ್ಲಿ ಆ ತಾಯಿಯೂ ಹೋದರು. ಕಿತ್ತೂರಿನಲ್ಲಿ ಕೋಟೆ ಇದೆ, ಮ್ಯೂಸಿಯಂ ಇದೆ. ಅಲ್ಲಿ ಗಾಜಿನ ಹಿಂದೆ ಸಿನಿಮಾದ ಒಂದು ಸೀರೆಯೂ ಇದ್ದಿದ್ದರೆ ಎಷ್ಟು ಚೆಂದ ಅಲ್ವಾ? ನಾನಂತೂ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ.

ಒಂದು ಮಾತು ಕಾಕಾಗೆ ಹೇಳಿಲ್ಲ. ಹೋದ ತಿಂಗಳು ಈ ಕೋಟಿನ ವಿಷಯ ಒಂದು ಕಡೆ ವಿಚಾರಿಸಿದ್ದೆ. ಅಲ್ಲಿದ್ದವರು ಕೇಳಿದ್ದು ಒಂದೇ, "ಯಾವ ನಟರದು ಮೇಡಂ?" ಹೆಸರಾದವರದಲ್ಲ ಅಂದೆ. ಹಾಗಾದರೆ ಕಷ್ಟ ಅಂದರು. ಬಸ್ಸಿನಲ್ಲಿ ಬರುವಾಗ ಅಳು ಬಂತು. ಒಬ್ಬ ಸ್ಟಾರ್ ಒಂದು ದಿನ ಹಾಕಿ ಬಿಚ್ಚಿದ ಅಂಗಿಗೆ ಜಾಗ ಇರುತ್ತದೆ. ಇಷ್ಟು ಮಂದಿ ಮೈಯ ಅಳತೆ ಇರುವ ಕೋಟಿಗೆ ಇಲ್ಲ. ಇದು ತಪ್ಪು. ನನಗೆ ಇದು ತಪ್ಪು ಅಂತಲೇ ಅನ್ನಿಸುತ್ತದೆ.

ಸದ್ಯಕ್ಕೆ ನನ್ನ ಹತ್ತಿರ ಇರಲಿ. ಹ್ಯಾಂಗರಿಗೆ ತೂಗುಹಾಕಬಾರದು, ಜರಿಯ ಭಾರಕ್ಕೆ ಭುಜ ಹರಿಯುತ್ತದೆ. ಬಿಸಿಲು ಬೀಳಬಾರದು. ಮ್ಯೂಸಿಯಂಗಳಲ್ಲಿ ಹಳೇ ಬಟ್ಟೆಗೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬಿಡುವುದಿಲ್ಲ, ಅದು ಮಬ್ಬು ಬೆಳಕು. ಸುತ್ತಿಡೋಕೆ ನಾಳೆ ಖಡೇಬಜಾರಿನಲ್ಲಿ ಗಂಜಿ ಹಾಕದ ತೆಳು ಮಲ್ ಬಟ್ಟೆ ನಾಲ್ಕು ಮೀಟರ್ ತರಬೇಕು.

ಹೊರಡುವಾಗ ಕಾಕಾ ಬಾಗಿಲತನಕ ಬಂದು ಹೇಳಿದ್ದು ಒಂದೇ ಮಾತು. "ಒಗೀಬ್ಯಾಡವಾ."

ಕಾಲರಿನ ಒಳಗೆ ಬಿಳಿ ಕಲೆ ಇದೆ. ಮುಖದ ಬಣ್ಣ ಇರಬೇಕು, ಬೆವರೂ ಇರಬೇಕು. ಈಗ ಲೈಟಿನ ಕೆಳಗೆ ಮತ್ತೆ ಅಸ್ತರು ಸರಿಸಿ ನೋಡಿದೆ. ಕಾಕಾ ನಾಲ್ಕು ಸಾಲು ಹೇಳಿದ್ದರು. ಇಲ್ಲಿ ಐದು ಇವೆ. ಐದನೆಯದು ಎಲ್ಲಕ್ಕಿಂತ ಒಳಗೆ, ಬಹಳ ಸಣ್ಣ ಮೈ, ಹೆಣ್ಣುಮಗಳದೋ ಏನೋ, ಕಾಕಾ ಅದರ ಮೇಲೆ ಬೆರಳು ಇಡಲೇ ಇಲ್ಲ