ಎರಡರ ಮೇಲೂ ಬ್ರದರ್

"ದೇವರ ಮೇಲೆ ನಂಬಿಕೆನಾ, ಇಲ್ಲಾ ಈ ಫ್ರಿಜ್ ಒಳಗಿರೋದರ ಮೇಲೆ ನಂಬಿಕೆನಾ? ಹೇಳಿ ಅಮ್ಮಾ."

"ಎರಡರ ಮೇಲೂ ಬ್ರದರ್."

ಬುಧವಾರ ರಾತ್ರಿಯಿಂದ ಈ ಎರಡು ಸಾಲು ನನ್ನ ತಲೆ ಬಿಟ್ಟು ಹೋಗುತ್ತಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಪ್ರಾರ್ಥನಾ ಕೂಟ. ಹೊರಗಿನಿಂದ ಬಂದ ಒಬ್ಬ ಪ್ರವಾದಿ, ಅಂದರೆ ಹಾಗಂತ ಅವರೇ ಹೇಳಿಕೊಳ್ಳುತ್ತಾರೆ, ಹಾಡು ಮುಗಿದ ಮೇಲೆ ಎಲ್ಲರ ತಲೆ ಮೇಲೂ ಕೈಯಿಟ್ಟು ಪ್ರಾರ್ಥಿಸುತ್ತಾ ಬಂದರು. ಚಿಕ್ಕಮ್ಮನಿಗೆ ಶುಗರ್, ಇನ್ಸುಲಿನ್ ತಗೊಳ್ತಾರೆ ಅಂತ ಯಾರೋ ಮೊದಲೇ ಹೇಳಿದ್ದರು. ಆಮೇಲೆ ಆದದ್ದು ಮೇಲಿನ ಮಾತು. ಹಾಲ್‌ನಲ್ಲಿ ಎಲ್ಲರೂ ಗಪ್‌ಚುಪ್. ನಾನು ಅಡುಗೆಮನೆ ಬಾಗಿಲಲ್ಲಿ ಟೀ ಲೋಟ ಜೋಡಿಸುತ್ತಿದ್ದೆ, ನಗು ಬಂದು ಆಚೆ ತಿರುಗಿದೆ.

ಆ ಪ್ರವಾದಿಗೆ ನಗು ಬರಲಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟರೆ ಮುಳುಗುತ್ತೀರಿ ಅಮ್ಮಾ, ಅಂದರು. ಫ್ರಿಜ್ ಬಾಗಿಲ ಮೇಲೆ ಅಂಟಿಸಿದ್ದ ವಾಗ್ದಾನದ ವಚನ ತೋರಿಸಿದರು. ಸತ್ಯವೇದದ, ಅಂದರೆ ಬೈಬಲಿನ, ಯೆರೆಮೀಯ 29:11. ನಿಮಗೆ ಕೇಡಲ್ಲ, ಒಳ್ಳೆಯದನ್ನೇ ದೇವರು ಯೋಚಿಸಿದ್ದಾನೆ ಅನ್ನೋ ವಚನ. ಕ್ರೈಸ್ತರ ಮನೆಗಳಲ್ಲಿ ಇದು ಕ್ಯಾಲೆಂಡರ್ ಮೇಲೆ, ಕಾಫಿ ಮಗ್ ಮೇಲೆ, ಕಾರಿನ ಗಾಜಿನ ಮೇಲೆ ಎಲ್ಲಾ ಕಡೆ ಇರುತ್ತದೆ. ಹೊರಗೆ ಈ ವಚನ, ಒಳಗೆ ಸೂಜಿ, ಇದು ಸಾಕ್ಷಿಯೇನಮ್ಮಾ ಅಂತ ಕೇಳಿದರು. ಚಿಕ್ಕಮ್ಮ ಏನೂ ಹೇಳದೆ ಟೀ ತರಲು ಎದ್ದರು.

ಚಿಕ್ಕಮ್ಮನ ಆ ಉತ್ತರ ತಮಾಷೆಯೋ, ಸಿಟ್ಟೋ ಅಂತ ಮೊದಲು ಗೊತ್ತಾಗಲಿಲ್ಲ. ಈಗ ಅನ್ನಿಸುತ್ತದೆ, ಎರಡೂ ಅಲ್ಲ. ಅವರು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವ ಮೊದಲು ಪ್ರತಿ ಸಲ "ಸ್ತೋತ್ರ ಕರ್ತನೇ" ಅಂತಾರೆ. ಊಟಕ್ಕೆ ಮೊದಲು ಹೇಳುವ ಹಾಗೇ. 1922ರಲ್ಲಿ ಟೊರೊಂಟೊದಲ್ಲಿ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದಿಷ್ಟು ದಿನ ಉಳಿಸಿಕೊಳ್ಳುತ್ತಿದ್ದರು, ಅಷ್ಟೇ. ಇನ್ಸುಲಿನ್ನೂ ದೇವರ ಕೊಡುಗೆ ಅಂತ ಚಿಕ್ಕಮ್ಮ ನಂಬಿದ್ದಾರೆ. ಹಾಗಾಗಿ "ಎರಡರ ಮೇಲೂ" ಅಂದಾಗ ಅವರು ಜಾಣತನ ತೋರಿಸುತ್ತಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಸಿಟ್ಟು ಬಂದದ್ದು ಅವರ ಮಗನಿಗೆ, ನನ್ನ ತಮ್ಮನಿಗೆ. ದೇವಸೇವಕರ ಎದುರು ಹೀಗಾ ಮಾತಾಡೋದು ಅಂತ ಅಮ್ಮನ ಮೇಲೆ ರೇಗಿದ. ಇವನು ಒಂದು ಮಿಕ್ಸಿ ತಗೊಳ್ಳೋಕೆ ವಾರಗಟ್ಟಲೆ ರಿವ್ಯೂ ಓದುವವನು. ಅಂಥವನು ಅಮ್ಮನಿಗೆ ಬೇಗ ಗುಣವಾಗುತ್ತದೆ ಅನ್ನೋ ಪ್ರವಾದನೆಯನ್ನು ಮಾತ್ರ ಫೋನಲ್ಲಿ ರೆಕಾರ್ಡ್ ಮಾಡಿಕೊಂಡು, ಒಂದು ಪ್ರಶ್ನೆಯನ್ನೂ ಕೇಳದೆ ಮೂರು ಗ್ರೂಪಿಗೆ ಕಳಿಸಿದ. ಬೆರೋಯ ಅನ್ನೋ ಊರಿನವರು ಅಪೊಸ್ತಲ ಪೌಲ ಹೇಳಿದ್ದು ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು, ಅದಕ್ಕೆ ಅವರನ್ನು ಯಾರೂ ಬೈಯಲಿಲ್ಲ, ಸತ್ಯವೇದದಲ್ಲಿ ಹೊಗಳಿ ಬರೆದಿದೆ. ಪೌಲನನ್ನೇ ಪರೀಕ್ಷೆ ಮಾಡಬಹುದಾದರೆ, ಬ್ಯಾಗ್ ಹಿಡಿದು ಬಂದ ಅತಿಥಿಯನ್ನು ಮಾಡಬಾರದಾ?

ಅವತ್ತು ರಾತ್ರಿ ಆ ಫ್ರಿಜ್ ವಚನ ಇರುವ ಅಧ್ಯಾಯವನ್ನು ಪೂರ್ತಿ ಓದಿದೆ, ಹಿಂದಿನದನ್ನೂ ಓದಿದೆ. ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, 70 ವರ್ಷ ಆಗಬೇಕು ಅಂತ ಬರೆದಿದ್ದಾನೆ. 70! ಓದಿದವರಲ್ಲಿ ಎಷ್ಟೋ ಜನ ವಾಪಸ್ ಬರುವುದನ್ನು ಕಾಣದೆ ಸತ್ತಿರಬೇಕು. ನಿಮ್ಮ ನಡುವಿನ ಪ್ರವಾದಿಗಳ ಮಾತಿಗೆ ಮರುಳಾಗಬೇಡಿ ಅನ್ನೋ ಎಚ್ಚರಿಕೆಯೂ ಅದೇ ಪತ್ರದಲ್ಲಿದೆ. 11ಕ್ಕೆ ಮೂರೇ ವಚನ ಮೇಲೆ. ಅದನ್ನು ಯಾರೂ ಕಾಫಿ ಮಗ್ ಮೇಲೆ ಹಾಕುವುದಿಲ್ಲ, ಅಲ್ವಾ.

28ನೇ ಅಧ್ಯಾಯದಲ್ಲಿ ಹನನ್ಯ ಅನ್ನೋ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಯೆರೂಸಲೇಮಿನ ದೇವಾಲಯದಲ್ಲಿ, ಎಲ್ಲರ ಮುಂದೆ, ಎರಡು ವರ್ಷದೊಳಗೆ ಎಲ್ಲರೂ ವಾಪಸ್ ಬರುತ್ತಾರೆ ಅಂದ. ಬಾಬೆಲಿನ ಅಧೀನದ ಗುರುತಾಗಿ ಯೆರೆಮೀಯನ ಕುತ್ತಿಗೆಯಲ್ಲಿದ್ದ ಮರದ ನೊಗ ಕಿತ್ತು ಮುರಿದ. ಜನಕ್ಕೆ ಎಷ್ಟು ಖುಷಿಯಾಗಿರಬೇಕು! ಯೆರೆಮೀಯ ಕೂಡ ಮೊದಲು "ಆಮೆನ್, ಹಾಗೇ ಆಗಲಿ" ಅಂದ. ಅವನಿಗೂ ಅದೇ ಬೇಕಿತ್ತು. ಆದರೆ ಆಸೆ ಬೇರೆ, ದೇವರು ಹೇಳಿದ್ದು ಬೇರೆ ಅಂತ ಅವನಿಗೆ ಗೊತ್ತಿತ್ತು. ಹನನ್ಯ ಅದೇ ವರ್ಷ ಸತ್ತ. ಒಂದು ಮಾತು ಹೇಳಲೇಬೇಕು, ಈಗಿನ ಪ್ರವಾದಿಗಳಿಗಿಂತ ಹನನ್ಯನೇ ವಾಸಿ. ಅವನು ತಾರೀಕು ಕೊಟ್ಟ. ಇವರು "ಈ ಕಾಲದಲ್ಲಿ ನಿನಗೆ ಬಿಡುಗಡೆ ಬರುತ್ತದೆ" ಅಂತಾರೆ, ಯಾವ ಕಾಲ? ಹೇಳಿದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ ಅಂತ ಬೈಬಲಿನ ಧರ್ಮೋಪದೇಶಕಾಂಡದಲ್ಲಿದೆ. ಅದಕ್ಕೇ ಇರಬೇಕು, ಪರೀಕ್ಷೆಗೆ ಸಿಗುವ ಹಾಗೆ ಇವರು ಏನೂ ಹೇಳುವುದಿಲ್ಲ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಇದು: ಮಾತು ಸುಳ್ಳಾದರೆ ಅನುಭವಿಸುವವರು ಯಾರು? ಯೆರೆಮೀಯ ಹೇಳಿದ್ದಕ್ಕೆ ಯೆರೆಮೀಯನೇ ಬೆಲೆ ಕೊಟ್ಟ, ಕೆಸರು ತುಂಬಿದ ಬಾವಿಗೆ ಇಳಿಸಿಬಿಟ್ಟರು ಅವನನ್ನು. ಬುಧವಾರದ ಮಾತಿಗೆ ಬೆಲೆ ಕೊಡಬೇಕಿದ್ದದ್ದು ಚಿಕ್ಕಮ್ಮನ ಕಿಡ್ನಿ. ಗುಣವಾದರೆ ಅದು ಪ್ರವಾದಿಗೆ ದೇವರು ಕೊಟ್ಟ ಶಕ್ತಿ, ಅಭಿಷೇಕ; ಆಗದಿದ್ದರೆ ಅಮ್ಮನಿಗೆ ವಿಶ್ವಾಸ ಸಾಲದು. ಹೇಗೆ ಬಿದ್ದರೂ ಹೇಳಿದವರಿಗೆ ಒಂದು ಗೀರೂ ಆಗದಂಥ ಏರ್ಪಾಡು. ಪೌಲ ಹಾಗೆ ಮಾಡಲಿಲ್ಲ. ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಅಂತ ಮುಚ್ಚಿಡದೆ ಬರೆದ. ಶಿಷ್ಯ ತಿಮೊಥೆಯನಿಗೆ ಹೊಟ್ಟೆ ಸರಿಯಿಲ್ಲದ್ದಕ್ಕೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಅವನ ಜೊತೆಗಿದ್ದ ಲೂಕ ವೈದ್ಯ. ಇವರಿಗೆಲ್ಲಾ ವಿಶ್ವಾಸ ಕಡಿಮೆ ಇತ್ತಾ?

ಹೋಗುವಾಗ ಪ್ರವಾದಿ ಹಂಚಿದ ಕರಪತ್ರದ ಹಿಂದೆ ಕ್ಯೂಆರ್ ಕೋಡ್ ಇತ್ತು. ಬೀಜ ಕಾಣಿಕೆಗೆ, ಅಂದರೆ ಬಿತ್ತಿದ ಬೀಜದ ಹಾಗೆ ದೇವರು ಹಲವು ಪಟ್ಟು ವಾಪಸ್ ಕೊಡುತ್ತಾನೆ ಅಂತ ಹೇಳಿ ಕೇಳುವ ದುಡ್ಡಿಗೆ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ 'ಡಿಡಖೆ' ಅನ್ನೋ ಹಳೇ ಕ್ರೈಸ್ತ ಬರಹದ ಹಸ್ತಪ್ರತಿ ಸಿಕ್ಕಿತು. ಆ ಬರಹ ಕ್ರೈಸ್ತ ಸಭೆ ಇನ್ನೂ ಎಳೆಯದಾಗಿದ್ದ ಕಾಲದ್ದು. ಅದರ ಪ್ರಕಾರ ಊರೂರು ತಿರುಗುವ ಸೇವಕ ಒಂದು ದಿನ ಇರಬಹುದು, ಬೇಕಾದರೆ ಎರಡು. ಮೂರು ದಿನ ಉಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ನನಗೆ ದುಡ್ಡು ಕೊಡಿ ಅಂದರೆ ಕೇಳಬೇಡಿ, ಕಷ್ಟದಲ್ಲಿರುವ ಬೇರೆಯವರಿಗಾಗಿ ಕೇಳಿದರೆ ತಪ್ಪು ಹಿಡಿಯಬೇಡಿ. ಎಷ್ಟು ಸರಳ ನೋಡಿ. ಅಂದರೆ ಆಗಲೂ ಇಂಥವರು ಜಾಸ್ತಿಯೇ ಇದ್ದರು ಅಂತಾಯಿತು.

ಜೋರಾಗಿ ಪ್ರಾರ್ಥಿಸುವವರೆಲ್ಲಾ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಚಿಕ್ಕಮ್ಮ ಆಸ್ಪತ್ರೆ ಸೇರಿದಾಗ ಗಂಜಿ ತಂದು ರಾತ್ರಿಯಿಡೀ ಕೂತವರು ಎದುರು ಬೀದಿಯ ಪೆಂಟೆಕೋಸ್ಟ್ ಸಭೆಯ ಅಕ್ಕ. ಗುಣವಾಗಲಿ ಅಂತ ಗಟ್ಟಿಯಾಗಿ ಅತ್ತು ಪ್ರಾರ್ಥಿಸಿದರು, ನರ್ಸ್ ಮಾತ್ರೆ ತಂದಾಗ ನೀರು ಕೊಟ್ಟರು. ನಮ್ಮ ಪಾಸ್ಟರ್ ವಿಷಯಕ್ಕೆ ಬಂದರೆ, ಪ್ರಸಂಗ ಬೋರು, ನಿಜ ಹೇಳಬೇಕಲ್ಲ. ಹೊಸ ವರ್ಷದ ರಾತ್ರಿ ತಟ್ಟೆಯಿಂದ ವಾಗ್ದಾನದ ಕಾರ್ಡ್ ಎತ್ತಿಸುತ್ತೇವೆ, ಆ ವಚನ ಯಾರಿಗೆ, ಯಾವಾಗ ಬರೆದದ್ದು ಅಂತ ನಮ್ಮ ಸಭೆಯಲ್ಲೂ ಯಾರೂ ಹೇಳುವುದಿಲ್ಲ. ಹಸಿದವರು ಎಲ್ಲಾದರೂ ತಿನ್ನುತ್ತಾರೆ.

ನಿನ್ನೆ ತಮ್ಮ ಫೋನ್ ಮಾಡಿದ. ಹನನ್ಯನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ಕ್ರಿಯಾಟಿನಿನ್ ಮತ್ತೆ ಏರಿದೆ ಅಕ್ಕ" ಅಂದ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ ಅದು. ಆಗ ನನ್ನ ಸಿಟ್ಟು ಅರ್ಧ ಇಳಿಯಿತು. ಹುಡುಗನಿಗೆ ಹೆದರಿಕೆ. ಬೇಗ ಆಗುತ್ತದೆ ಅಂತ ಹೇಳುವವರು ಅವನಿಗೆ ಬೇಕಾಗಿದ್ದರು, ಒಬ್ಬರು ಬಂದು ಹೇಳಿದರು. ಆದರೂ ಅವನು ಸೋಲಲಿಲ್ಲ. ಯಾಕೋಬನ ಪತ್ರದಲ್ಲಿ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಅಂತಿದೆಯಲ್ಲಾ, ಅದಕ್ಕೇನು ಹೇಳ್ತೀಯಾ ಅಂತ ಕೇಳಿದ. ಇದೆ, ಆದರೆ ಸಭೆಯ ಹಿರಿಯರನ್ನು ಕರೆಸಿ ಅಂತ ಇದೆ, ನಾಳೆಯೂ ಇದೇ ಊರಲ್ಲಿ ಸಿಗುವವರನ್ನು, ಅಂದೆ. ಮಾತ್ರೆ ಬಿಡಿ ಅಂತ ಅಲ್ಲೆಲ್ಲೂ ಇಲ್ಲ ಅಂತಲೂ ಅಂದೆ. ಅವನಿನ್ನೂ ಒಪ್ಪಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಹತ್ತಿರವೇ ಕೇಳೋಣ ಅಂತ ಮಾತಾಗಿದೆ. ಹಿರಿಯರೂ ಎಣ್ಣೆ ತಗೊಂಡು ಬರಲಿ, ಬೇಡ ಅಂದವರು ಯಾರು ಅಂತ ಚಿಕ್ಕಮ್ಮ ಪಕ್ಕದಿಂದಲೇ ಕೂಗಿದರು.