ಬೋರ್ಡ್ ಹಾಕಿದ ಮಾತ್ರಕ್ಕೆ ಕಾನೂನು ಆಗಲ್ಲ

ಚಿಕ್ಕಪೇಟೆ ಕಡೆ ಬಟ್ಟೆ ಅಂಗಡಿಗಳಲ್ಲಿ ಕ್ಯಾಶ್ ಕೌಂಟರ್ ಹಿಂದೆ, ಲಕ್ಷ್ಮಿ ಫೋಟೋ ಪಕ್ಕದಲ್ಲೇ ಒಂದು ಬೋರ್ಡ್ ಇರುತ್ತದೆ ನೋಡಿ: ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’ ಬಿಲ್ಲಿನ ತಳದಲ್ಲೂ ಅದೇ ಮಾತು, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಕ್ಷರದಲ್ಲಿ. ನಾವೂ ಅದನ್ನು ಓದಿ, ಇನ್ನೇನು ಮಾಡೋಕಾಗುತ್ತೆ ಅಂತ ಸುಮ್ಮನಾಗಿಬಿಡುತ್ತೇವೆ.

ಆದರೆ ಕೊಂಡ ವಸ್ತುವಿನಲ್ಲಿ ದೋಷ ಇದ್ದರೆ ಆ ಬೋರ್ಡಿಗೆ ಮೂರು ಕಾಸಿನ ಬೆಲೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರ ಪ್ರಕಾರ, ದೋಷ ಇರುವ ವಸ್ತುವನ್ನು ವಾಪಸ್ ತೆಗೆದುಕೊಂಡು ಹಣ ಕೊಡಲ್ಲ ಅನ್ನುವುದೇ ‘ಅನುಚಿತ ವ್ಯಾಪಾರ ಪದ್ಧತಿ’. ಬಿಲ್ಲಿನಲ್ಲಿ ಇಷ್ಟು ದಿನದೊಳಗೆ ಅಂತ ಬರೆದಿದ್ದರೆ ಆ ಅವಧಿ, ಏನೂ ಬರೆದಿಲ್ಲದಿದ್ದರೆ 30 ದಿನ. ‘ವಾಪಸ್ ಇಲ್ಲ’ ಅನ್ನುವುದು ಅವಧಿ ಅಲ್ಲ, ಅಲ್ವಾ?

ಹಾಗಂತ ಅಂಗಡಿಯವರೆಲ್ಲ ಕಳ್ಳರು ಅಂತಲ್ಲ. ಮದುವೆಗೆ ಸೀರೆ ಉಟ್ಟು, ಫೋಟೋ ತೆಗೆಸಿಕೊಂಡು, ಸೆರಗಿಗೆ ಸಾರು ಚೆಲ್ಲಿಕೊಂಡು, ಮಾರನೇ ದಿನ ‘ಬಣ್ಣ ಇಷ್ಟ ಆಗಲಿಲ್ಲ’ ಅಂತ ತರುವವರೂ ಇದ್ದಾರೆ. ಅಂಥವರಿಗೆ ಬೋರ್ಡ್ ತೋರಿಸಿದರೆ ನನ್ನ ತಕರಾರಿಲ್ಲ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯ್ತು, ಪಕ್ಕದ ಅಂಗಡಿಯಲ್ಲಿ ಕಡಿಮೆಗೆ ಸಿಕ್ತು ಅನ್ನುವುದೆಲ್ಲ ದೋಷ ಅಲ್ಲ. ಅದಕ್ಕೆ ಬದಲಿ ಕೊಡೋದು ಬಿಡೋದು ಅಂಗಡಿಯವರ ದೊಡ್ಡ ಮನಸ್ಸು. ಒಂದೇ ಒಗೆತಕ್ಕೆ ಹೊಲಿಗೆ ಬಿಚ್ಚಿಕೊಂಡರೆ ಮಾತ್ರ ಲೆಕ್ಕ ಬೇರೆ.

ನಮ್ಮ ಅತ್ತಿಗೆ ಮಿಕ್ಸಿ ತಂದಿದ್ದರು. ಮೊದಲ ದಿನವೇ ಚಟ್ನಿ ಜಾರಿನ ಬುಡದಿಂದ ನೀರು ಸೋರಿ ಮೋಟರ್ ಮೇಲೆಲ್ಲ ಹರಿಯಿತು. ಅಂಗಡಿಗೆ ಹೋದರೆ ‘ಅಕ್ಕಾ, ಬೋರ್ಡ್ ನೋಡಿಲ್ವಾ? ಸರ್ವೀಸ್ ಸೆಂಟರ್‌ಗೆ ಹೋಗಿ’ ಅಂದರು. ಅತ್ತಿಗೆ ಜಗಳ ಆಡಲಿಲ್ಲ. ‘ಸರಿ ಅಣ್ಣ, ವಾಪಸ್ ತಗೊಳ್ಳಲ್ಲ ಅಂತ ಈ ಬಿಲ್ ಹಿಂದೆ ಬರೆದು, ಸೀಲ್ ಹಾಕಿ ಕೊಟ್ಟುಬಿಡಿ’ ಅಂದರು, ಅಷ್ಟೇ. ಮಾಲೀಕರು ಬಿಲ್ಲು ಒಂದು ಸಲ ನೋಡಿದರು, ಅತ್ತಿಗೆ ಮುಖ ಒಂದು ಸಲ ನೋಡಿದರು, ಆಮೇಲೆ ಹುಡುಗನನ್ನು ಕರೆದು ಒಳಗಿಂದ ಹೊಸ ಜಾರ್ ತರಿಸಿದರು.

ಇಲ್ಲಿ ಕೆಲಸಕ್ಕೆ ಬಂದದ್ದು ಬಿಲ್ಲು. ಅದಕ್ಕೇ ‘ಬಿಲ್ ಬೇಕಾ ಮೇಡಂ? ಜಿಎಸ್‌ಟಿ ಸೇರಿ ಜಾಸ್ತಿ ಆಗುತ್ತೆ’ ಅಂತ ಕೇಳುವಾಗ ನಾಲ್ಕು ಕಾಸು ಉಳಿಯುತ್ತೆ ಅಂತ ತಲೆ ಅಲ್ಲಾಡಿಸಬೇಡಿ. ಬಿಲ್ ಕೊಡದಿರುವುದೂ ಇದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಇನ್ನೊಂದು ವಿಷಯ, ಈಗಿನ ಮೆಷಿನ್ ಬಿಲ್ಲುಗಳು ಬೀರುವಿನಲ್ಲಿದ್ದರೂ ಕೆಲವು ತಿಂಗಳಿಗೇ ಅಳಿಸಿಹೋಗುತ್ತವೆ, ಮನೆಗೆ ಬಂದ ತಕ್ಷಣ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಅಂಗಡಿಯವರು ‘ದುಡ್ಡು ಕೊಡಲ್ಲ, ಕ್ರೆಡಿಟ್ ನೋಟ್ ಕೊಡ್ತೀವಿ, ಅಷ್ಟಕ್ಕೆ ಬೇರೆ ಏನಾದ್ರೂ ತಗೊಳ್ಳಿ’ ಅನ್ನಬಹುದು. ನಿಮಗೆ ಒಪ್ಪಿಗೆಯಾದರೆ ತಗೊಳ್ಳಿ. ದೋಷದ ಮಾಲಿಗೆ ಅದನ್ನೇ ತಗೊಳ್ಳಬೇಕು ಅಂತೇನೂ ಇಲ್ಲ, ಕಾನೂನು ಹೇಳುವುದು ಹಣ ವಾಪಸ್ ಅಂತಲೇ.

ಮಾತಿಗೆ ಬಗ್ಗದಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ತಕರಾರು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ವಕೀಲರು ಬೇಕೇಬೇಕು ಅಂತಿಲ್ಲ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ದೂರು ಕೊಡೋಕೆ 2 ವರ್ಷ ಸಮಯ ಇದೆ. ಬೆಂಗಳೂರಿನಲ್ಲಿ ಕೊಂಡದ್ದಕ್ಕೆ ಬೆಂಗಳೂರಿಗೇ ಅಲೆಯಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಹೊಸ ಕಾಯ್ದೆ ಬಂದ ಮೇಲೆ ನೀವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಅಂಗಡಿಯವರೇ ನಿಮ್ಮ ಊರಿಗೆ ಬಂದು ಉತ್ತರ ಹೇಳಲಿ.